ಹಾಳೂರಿಗೆ ಉಳಿದವರ ನುಡಿ: ಹಂಪೆ ಪರಿಸರದ ಆಡುಮಾತುಗಳಲ್ಲಿ ಚರಿತ್ರೆ

‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ಕನ್ನಡನಾಡಿನ ಬಹುಭಾಗಗಳಲ್ಲಿ ಬಳಕೆಯಲ್ಲಿದೆ. ಅರ್ಹರು ಯಾರೂ ಇಲ್ಲದ ಕಡೆ ಇದ್ದವನೊಬ್ಬ ಹಿರಿತನ ವಹಿಸಿಕೊಂಡಾಗ ಅದನ್ನು ಕುಹಕದಿಂದ ಹೇಳುವುದು ರೂಢಿ. ಕುಹಕವನ್ನು ಬದಿಗಿಟ್ಟು ಮಾತಿನ ನೇರ ಅರ್ಥವನ್ನು ಹಿಡಿದರೆ ಅದರಲ್ಲಿ ಬೇರೊಂದು ಸಂಗತಿ ಇದೆ. ಊರು ಹಾಳಾಗಿ ಆಳುವವರು ಬಿಟ್ಟುಹೋದ ಮೇಲೆ ಅಲ್ಲಿಯೇ ಉಳಿದುಕೊಂಡವರ ಪಾಲಿಗೆ ಕೆಲವು ಅಧಿಕಾರಗಳು ತಾವಾಗಿ ಬರುತ್ತವೆ. ಅವುಗಳಲ್ಲಿ ಹೆಸರಿಡುವ ಅಧಿಕಾರವೂ ಒಂದು. ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರು ಸೀಮೆಯ ಆಡುಮಾತುಗಳನ್ನೂ ಸ್ಥಳನಾಮಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮಲ್ಲಿ ಚರಿತ್ರೆಯ ಆಕರವೆಂದರೆ ಶಾಸನ, ಕಾವ್ಯ, ಪ್ರವಾಸಿಗರ ಬರಹ, ಕೈಫಿಯತ್ತು. ಬೀದಿಯ ಮಾತಿಗೆ ಆ ಪಂಕ್ತಿಯಲ್ಲಿ ಎಡೆಯಿಲ್ಲ. ಅದನ್ನು ‘ಗ್ರಾಮ್ಯ’ವೆಂದು ಬಿಡುವುದು ಒಂದು ಅತಿರೇಕವಾದರೆ, ಅದರ ಹಿಂದಿನ ಕಥೆಯನ್ನೇ ಚರಿತ್ರೆಯೆಂದು ಒಪ್ಪಿಬಿಡುವುದು ಇನ್ನೊಂದು ಅತಿರೇಕ. ಎರಡರಿಂದಲೂ ತಪ್ಪಿಸಿಕೊಳ್ಳಲು ನಾವು ಕೇಳಬೇಕಾದ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿಕೊಳ್ಳಬೇಕು. ಒಂದು ಆಡುಹೆಸರು ಆ ಗುಡಿಯನ್ನು ಕಟ್ಟಿದವರ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಸುಳ್ಳಾಗುತ್ತದೆ. ಕಟ್ಟಿದವರು ಹೋದ ಮೇಲೆ ಅದರ ನೆರಳಿನಲ್ಲಿ ಬದುಕಿದವರ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿದರೆ ಉತ್ತರ ನಿಜವಾಗುವ ಸಂಭವ ಹೆಚ್ಚು.

ಈ ಸೀಮೆಯ ನುಡಿಗೆ ಹಳೆಯ ಗೌರವವೂ ಉಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ‘ತಿರುಳ್ಗನ್ನಡ’ದ ನೆಲೆಯನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣ ಒಂದು. ಜೈನರ ಮಹಾತೀರ್ಥವಾಗಿದ್ದ ಆ ಕೊಪಣವೇ ಇಂದಿನ ಕೊಪ್ಪಳ. ಹಂಪೆಯಿಂದ ತುಂಗಭದ್ರೆಯನ್ನು ದಾಟಿದರೆ ದೂರವಲ್ಲ. ಒಂದು ಕಾಲಕ್ಕೆ ಕನ್ನಡದ ತಿರುಳಿನ ಅಂಚಿನಲ್ಲಿದ್ದ ಈ ಪ್ರದೇಶ ಮುಂದೆ ತೆಲುಗು, ಉರ್ದು, ಮರಾಠಿಗಳ ಬೆರಕೆಯಿಂದ ಬೇರೆಯದೇ ಬನಿಯನ್ನು ಪಡೆದುಕೊಂಡಿತು.

‘ಹಾಳು ಹಂಪೆ’

ಮನೆ ಅಸ್ತವ್ಯಸ್ತವಾಗಿದ್ದರೆ, ಬಾಗಿಲು ಮುಚ್ಚಿದ ಶಾಲೆಯ ಅಂಗಳದಲ್ಲಿ ಹುಲ್ಲು ಬೆಳೆದಿದ್ದರೆ, ಗಂಡಾಳು ದಿಕ್ಕಿಲ್ಲದೆ ಗದ್ದೆ ಬೀಳುಬಿದ್ದಿದ್ದರೆ ‘ಹಾಳು ಹಂಪೆ ಆಗಿದೆ’ ಎನ್ನುವುದುಂಟು. ಹಂಪೆಯನ್ನು ಎಂದೂ ಕಾಣದವರೂ ಈ ಪಡೆನುಡಿಯನ್ನು ಬಳಸುತ್ತಾರೆ. ‘ಹಾಳು ಕೊಂಪೆ’ ಎಂಬ ಇನ್ನೊಂದು ಮಾತು ಇದರ ಜೊತೆಗೇ ಓಡಾಡುತ್ತದೆ. ಕೊಂಪೆ ಎಂದರೆ ಗುಡಿಸಲು, ಗುಡಿಸಲುಗಳ ಕೇರಿ. ಪ್ರಾಸದ ಸಾಮ್ಯದಿಂದ ಎರಡೂ ಒಂದರ ನೆರಳಿನಲ್ಲೊಂದು ಬೆಳೆದಿವೆ. ಆದರೆ ಕೊಂಪೆ ಸಾಮಾನ್ಯನಾಮ, ಹಂಪೆ ಅಂಕಿತನಾಮ. ಒಂದು ಊರಿನ ಹೆಸರು ‘ಪಾಳುಬಿದ್ದ ಸ್ಥಳ’ ಎಂಬ ಅರ್ಥದಲ್ಲಿ ನಾಡಿನ ಮಾತಿಗೆ ಸಂದದ್ದು ಸಣ್ಣ ಸಂಗತಿಯಲ್ಲ.

ಈ ಪಡೆನುಡಿಯ ಧ್ವನಿರಚನೆಯನ್ನು ಗಮನಿಸಬೇಕು. ಹಳಗನ್ನಡದಲ್ಲಿ ‘ಹಾಳು’ ಎಂಬುದರ ರೂಪ ‘ಪಾೞ್’. ‘ಹಂಪೆ’ ಎಂಬುದರ ಮೂಲ ‘ಪಂಪಾ’. ಪದಾದಿಯ ಪಕಾರ ಹಕಾರವಾಗುವ ಬದಲಾವಣೆ ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಕಾಣಿಸಿಕೊಂಡು ನಡುಗನ್ನಡದಲ್ಲಿ ನೆಲೆಗೊಂಡಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ‘ಹಾಳು ಹಂಪೆ’ಯ ಎರಡು ಪದಗಳೂ ಇದೇ ದಾರಿಯಲ್ಲಿ ನಡೆದುಬಂದಿವೆ. 1565ರ ಜನವರಿಯಲ್ಲಿ ರಕ್ಕಸ-ತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತು ರಾಜಧಾನಿ ಸೂರೆಹೋಗುವ ವೇಳೆಗೆ ಈ ಪರಿವರ್ತನೆ ಮುಗಿದು ಕೆಲವು ಶತಮಾನಗಳೇ ಆಗಿದ್ದವು. ಹೀಗಾಗಿ ನಾಶವನ್ನು ಹೇಳಬೇಕಾದ ನಾಲಿಗೆಗೆ ಆದಿಪ್ರಾಸದ ಎರಡು ಹಕಾರಗಳು ಸಿದ್ಧವಾಗಿ ದೊರೆತವು.

ಇನ್ನೂ ಮುಖ್ಯವಾದುದು, ಈ ಮಾತಿನಲ್ಲಿ ಯಾವ ಹೆಸರು ಇಲ್ಲ ಎಂಬುದು. ಸೂರೆಹೋದದ್ದು ವಿಜಯನಗರ. ಹಂಪೆಯಾದರೋ ಆ ಮಹಾನಗರದ ಒಂದು ಮೂಲೆಯಲ್ಲಿ, ಹೊಳೆಯ ದಂಡೆಯಲ್ಲಿದ್ದ ವಿರೂಪಾಕ್ಷ ಕ್ಷೇತ್ರ. ರಾಜಧಾನಿ ಹುಟ್ಟುವುದಕ್ಕೆ ಮುಂಚೆಯೇ ಅದು ಇತ್ತು. ಹದಿಮೂರನೆಯ ಶತಮಾನದ ಹರಿಹರನನ್ನು ನಾವು ‘ಹಂಪೆಯ ಹರಿಹರ’ ಎಂದೇ ಕರೆಯುತ್ತೇವೆ. ರಾಜಧಾನಿ ಅಳಿದ ಮೇಲೆಯೂ ಅದು ಉಳಿಯಿತು. ವಿರೂಪಾಕ್ಷನ ಪೂಜೆ, ಚೈತ್ರದ ರಥೋತ್ಸವ, ಪಂಪಾ-ವಿರೂಪಾಕ್ಷರ ಫಲಪೂಜೆ ಇಂದಿಗೂ ನಡೆದುಬರುತ್ತಿವೆ. ಅಂದರೆ ಹಾಳಾಗದೆ ಉಳಿದ ಊರಿನ ಹೆಸರಿಗೇ ‘ಹಾಳು’ ಎಂಬ ವಿಶೇಷಣ ಅಂಟಿಕೊಂಡಿತು. ಹಾಳಾದ ನಗರ ಅಪಕೀರ್ತಿಯಿಂದ ಪಾರಾಯಿತು, ಏಕೆಂದರೆ ಅದರ ಹೆಸರನ್ನು ಹೇಳುವವರೇ ಅಲ್ಲಿ ಉಳಿದಿರಲಿಲ್ಲ. ಆ ಹೆಸರು ಆಡಳಿತದ ಬಳಕೆಗೆ ಜಿಲ್ಲೆಯ ರೂಪದಲ್ಲಿ ಮರಳಿದ್ದು 2021ರಲ್ಲಿ.

ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಗೆ ‘ಮರೆತುಹೋದ ಸಾಮ್ರಾಜ್ಯ’ ಎಂಬರ್ಥದ ಶೀರ್ಷಿಕೆಯನ್ನಿಟ್ಟನು. ಅವನ ಗ್ರಂಥದ ಋಣ ದೊಡ್ಡದು. ಪೋರ್ಚುಗೀಸ್ ಪ್ರವಾಸಿಗರಾದ ಪಾಯಸ್ ಮತ್ತು ನೂನಿಜರ ಬರಹಗಳು ಇಂಗ್ಲಿಷಿನಲ್ಲಿ ಓದುಗರಿಗೆ ದೊರೆತದ್ದು ಅದರಿಂದ. ಆದರೆ ಮರೆತವರು ಯಾರು ಎಂದು ಕೇಳಬೇಕಾಗುತ್ತದೆ. ಸಾಮ್ರಾಟರ ವಂಶಾವಳಿಯನ್ನು ಜನ ಮರೆತಿರಬಹುದು. ಆ ನಾಶವನ್ನಂತೂ ಅವರು ಕಸ ಗುಡಿಸುವಾಗಲೂ ನೆನೆಯುತ್ತಲೇ ಇದ್ದರು.

ಈ ಮಾತಿಗೆ ಊರಿನವರು ಕೊಟ್ಟ ಉತ್ತರವೂ ಒಂದಿದೆ ಎನ್ನಬಹುದು. ಕಮಲಾಪುರದಿಂದ ಹಂಪೆಗೆ ಬರುವ ದಾರಿಯಲ್ಲಿ ಒಂದಕ್ಕೊಂದು ಒರಗಿದಂತಿರುವ ದೊಡ್ಡ ಬಂಡೆಗಳಿಗೆ ‘ಅಕ್ಕ-ತಂಗಿ ಗುಡ್ಡ’ ಎಂದು ಹೆಸರು. ಹಂಪೆಗೆ ಬಂದು ಹಂಪೆಯನ್ನೇ ಹಳಿದ ಇಬ್ಬರು ಸೋದರಿಯರು ಕಲ್ಲಾದರು ಎಂಬುದು ಅದರ ಕಥೆ. ಹೊರಗಿನವರ ಮೂದಲಿಕೆಗೆ ಸ್ಥಳೀಯರು ಕಲ್ಲಿನಲ್ಲೇ ಶಿಕ್ಷೆಯನ್ನು ಕಲ್ಪಿಸಿದ್ದಾರೆ.

ಇದೇ ಸೀಮೆಯಲ್ಲಿ ಹಂಪೆಗಿಂತ ಮೊದಲು ಹಾಳಾದ ರಾಜಧಾನಿ ಕಂಪ್ಲಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ನೆಲೆಯಾಗಿದ್ದ ಈ ಊರು ಚೋಳರ ದಾಳಿಯನ್ನು ಕಂಡಿತು. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಕಂಪಿಲರಾಯನ ರಾಜ್ಯದ ಕೇಂದ್ರವಾಗಿ, 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೇನೆಯಿಂದ ನಾಶವಾಯಿತು. ಆದರೂ ‘ಹಾಳು ಕಂಪ್ಲಿ’ ಎಂದು ಯಾರೂ ಹೇಳುವುದಿಲ್ಲ. ಕಂಪ್ಲಿಯ ಸೋಲು ಜನರ ಬಾಯಲ್ಲಿ ಪಡೆನುಡಿಯಾಗದೆ ಕಥೆಯಾಯಿತು. ಕಂಪಿಲರಾಯನ ಮಗ ಗಂಡುಗಲಿ ಕುಮಾರರಾಮನ ಸುತ್ತ ನಂಜುಂಡನ ಸಾಂಗತ್ಯದಂತಹ ಕಾವ್ಯವೂ ಜನಪದರ ಹಾಡುಗಳೂ ಬೆಳೆದವು. ಈ ವ್ಯತ್ಯಾಸಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಕಂಪ್ಲಿಯಲ್ಲಿ ಹೊಳೆಯ ನೀರು, ಕಾಲುವೆ, ಭತ್ತ, ಕಬ್ಬು ಇದ್ದವು. ಜನ ಮತ್ತೆ ನೆಲೆನಿಂತರು, ಅವಶೇಷಗಳು ಮನೆಗಳ ನಡುವೆ ಕರಗಿದವು. ಹಂಪೆಯಲ್ಲಿ ಕಲ್ಲುಗಳು ಕಣ್ಣೆದುರಿಗೇ ನಿಂತುಬಿಟ್ಟವು. ಕಾಣದ ನಾಶವನ್ನು ನೆನಪಿಡಲು ಕಥೆ ಬೇಕಾಯಿತು, ಕಾಣುವ ನಾಶಕ್ಕೆ ಎರಡು ಪದ ಸಾಕಾಯಿತು.

ಅರಸರಿಟ್ಟ ಹೆಸರು, ಪೇಟೆಯವರು ಕರೆದ ಹೆಸರು

ವಿಜಯನಗರದ ಅರಸರು ಹೊಸ ಪುರಗಳನ್ನು ಕಟ್ಟಿಸಿ ತಮ್ಮವರ ಹೆಸರಿಡುತ್ತಿದ್ದರು. ಕೃಷ್ಣದೇವರಾಯನು ನೆಲೆಗೊಳಿಸಿದ ಪಟ್ಟಣವನ್ನು ನೂನಿಜ್ ದಾಖಲಿಸಿದ ‘ನಾಗಲಾಪುರ’ದೊಡನೆ ಗುರುತಿಸುವುದು ವಾಡಿಕೆ. ರಾಣಿ ತಿರುಮಲದೇವಿಯ ಹೆಸರಿನ ಪಟ್ಟಣವೂ ಈ ಭಾಗದ ಶಾಸನಗಳಲ್ಲಿ ಬರುತ್ತದೆ. ಜನ ಮಾತ್ರ ಅದನ್ನು ಹೊಸ ಪೇಟೆ ಎಂದರು. ರಾಜಮನೆತನದ ಹೆಸರು ಹೋಗಿ, ಐನೂರು ವರ್ಷ ಹಳೆಯದಾದ ಊರು ಇಂದಿಗೂ ‘ಹೊಸ’ತಾಗಿಯೇ ಉಳಿದಿದೆ.

ಇಂತಹ ‘ಹೊಸ’ ಹೆಸರುಗಳ ವಿಷಯದಲ್ಲಿ ಸಂಶೋಧಕರು ಎಚ್ಚರದಿಂದಿರಬೇಕು. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ನಡುವಣ ವಿವಾದವನ್ನು ಬಗೆಹರಿಸಿದ ಪ್ರಸಿದ್ಧ ಶಾಸನದಲ್ಲಿ ಅರಸನ ಬಳಿ ಮೊರೆಹೋದ ಭವ್ಯಜನರ ಊರುಗಳಾಗಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಹೆಸರುಗಳಿವೆ. ಆ ಹೊಸಪಟ್ಟಣವು ಇಂದಿನ ಹೊಸಪೇಟೆಯಲ್ಲ. ಕೃಷ್ಣದೇವರಾಯನ ಪಟ್ಟಣಕ್ಕಿಂತ ಅದು ಒಂದೂವರೆ ಶತಮಾನ ಹಿಂದಿನದು. ಪ್ರತಿ ತಲೆಮಾರಿನ ಜನರೂ ತಮ್ಮೆದುರಿಗೆ ಎದ್ದ ಊರನ್ನು ‘ಹೊಸತು’ ಎಂದೇ ಕರೆದಿದ್ದಾರೆ.

ಹೊಸಪೇಟೆಯ ಅಂಚಿನ ಅನಂತಶಯನಗುಡಿಯದೂ ಇದೇ ಕಥೆ. 1524ರಲ್ಲಿ ಕೃಷ್ಣದೇವರಾಯನು ಮಗ ತಿರುಮಲರಾಯನ ಹೆಸರಿನಲ್ಲಿ ಈ ಪುರವನ್ನು ನೆಲೆಗೊಳಿಸಿದನು. ಶಾಸನದಲ್ಲಿ ಅದು ಸಾಲೆ ತಿರುಮಲೆ ಮಹಾರಾಯಪುರ. ಜನರಿಗೆ ಕಂಡದ್ದು ಅಲ್ಲಿಯ ಎತ್ತರದ ದೇಗುಲ, ಆದ್ದರಿಂದ ಊರು ‘ಗುಡಿ’ಯಾಯಿತು. ಇಂದು ಗರ್ಭಗೃಹದ ನೀಳ ಪೀಠದ ಮೇಲೆ ಅನಂತಶಯನನ ಮೂಲವಿಗ್ರಹವಿಲ್ಲ. ವಿಗ್ರಹ ಇಲ್ಲವಾದರೂ ಊರಿನ ಹೆಸರಿನಲ್ಲಿ ದೇವರು ಇದ್ದಾನೆ, ಪುರವನ್ನು ಕಟ್ಟಿಸಿದ ಅರಸನ ಮಗ ಇಲ್ಲ.

ಅಧಿಕಾರಿಗಳ ಹುದ್ದೆಗಳು ಮಾತ್ರ ಆಡುಮಾತಿನಲ್ಲಿ ಸವೆದು ಉಳಿದಿವೆ. ದಂಡನಾಯಕ ಎಂಬುದು ‘ಡಣಾಯಕ’ವಾಗಿ ಡಣಾಯಕನಕೆರೆ ಎಂಬ ಊರಿನಲ್ಲಿದೆ. ಕಾವಲಿನ ತಳವಾರ ‘ತಳಾರಿ’ಯಾಗಿ, ಆನೆಗೊಂದಿಗೆ ಹೊಳೆ ದಾಟುವ ತಳಾರಿಘಟ್ಟದಲ್ಲಿ ಇಂದಿಗೂ ನಿಂತಿದ್ದಾನೆ. ಅರಸು ಯಾರೆಂಬುದಕ್ಕಿಂತ ಕೆರೆಯ ಏರಿಯನ್ನು ಕಟ್ಟಿಸಿದವನು, ಹೊಳೆಯ ಬಾಗಿಲಲ್ಲಿ ತಡೆದು ಕೇಳುವವನು ಜನರ ದಿನನಿತ್ಯಕ್ಕೆ ಹತ್ತಿರದವರಾಗಿದ್ದರು.

ಉಚ್ಚಾರಣೆಯ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಈ ಭಾಗದ ಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ. ಮನೆ ‘ಮನಿ’, ಕೆರೆ ‘ಕೆರಿ’, ಹಂಪೆ ‘ಹಂಪಿ’, ಪೇಟೆ ‘ಪ್ಯಾಟಿ’. ನಾವು ಇಂದು ಅಧಿಕೃತವೆಂದು ಬರೆಯುವ ‘ಹಂಪಿ’ ಈ ಆಡುಮಾತಿನ ರೂಪ. ಇಂಗ್ಲಿಷ್ ದಾಖಲೆಗಳ ಮೂಲಕ ಅದೇ ಜಗತ್ತಿಗೆ ಪರಿಚಯವಾಯಿತು. ಅತ್ತ ಇಂಗ್ಲಿಷಿನವರ ‘ಹಾಸ್ಪೆಟ್’ 2014ರ ನವೆಂಬರ್ 1ರಂದು ಸರ್ಕಾರದ ಆದೇಶದಂತೆ ಗ್ರಾಂಥಿಕ ರೂಪದ ‘ಹೊಸಪೇಟೆ’ಯಾಯಿತು. ಅಕ್ಕಪಕ್ಕದ ಎರಡು ಊರುಗಳಲ್ಲಿ ಒಂದರ ಹೆಸರು ಬರಹಕ್ಕೆ ಮರಳಿದೆ, ಇನ್ನೊಂದು ನಾಲಿಗೆಯಲ್ಲೇ ಉಳಿದಿದೆ. ದೇವಸ್ಥಾನದ ಸಂಕಲ್ಪದಲ್ಲಿ ‘ಪಂಪಾ’, ಪುಸ್ತಕದಲ್ಲಿ ‘ಹಂಪೆ’, ಬಸ್ಸಿನ ಫಲಕದಲ್ಲಿ ‘ಹಂಪಿ’. ಮನೆಗಳಲ್ಲಿ ಪಂಪಾಪತಿಯೂ ಇದ್ದಾನೆ, ಹಂಪಮ್ಮನೂ ಇದ್ದಾಳೆ. ಭಾಷೆಯ ಸಾವಿರ ವರ್ಷದ ನಡೆ ಒಂದೇ ಊರಿನಲ್ಲಿ ಒಂದೇ ದಿನ ಕೇಳಿಬರುತ್ತದೆ.

ಕಾಳು, ಬಡವಿ, ಗಾಣಗಿತ್ತಿ

ಹೇಮಕೂಟದ ಇಳಿಜಾರಿನಲ್ಲಿ ಎರಡು ಏಕಶಿಲಾ ಗಣಪತಿ ವಿಗ್ರಹಗಳಿವೆ. ಸುಮಾರು 2.4 ಮೀಟರ್ ಎತ್ತರದ ಒಂದಕ್ಕೆ ‘ಸಾಸಿವೆಕಾಳು ಗಣಪ’, ಸುಮಾರು 4.5 ಮೀಟರ್ ಎತ್ತರದ ಇನ್ನೊಂದಕ್ಕೆ ‘ಕಡಲೆಕಾಳು ಗಣಪ’ ಎಂದು ಹೆಸರು. ಮೊದಲನೆಯದರ ಮಂಟಪದ ಬಳಿಯ 1506ರ ಶಾಸನ ಚಂದ್ರಗಿರಿಯ ವರ್ತಕನೊಬ್ಬನನ್ನು ಹೆಸರಿಸುತ್ತದೆ. ಹೊಟ್ಟೆಯ ಆಕಾರ ಕಾಳಿನಂತಿರುವುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಆ ವಿವರಣೆ ಹೇಗೇ ಇರಲಿ, ಆಳೆತ್ತರವನ್ನು ಮೀರಿದ ಕಲ್ಲನ್ನು ಸಾಸಿವೆಯೆಂದು ಕರೆಯುವಲ್ಲಿ ಕನ್ನಡಿಗರ ಮಾತಿನ ವಿನೋದ ಎದ್ದುಕಾಣುತ್ತದೆ. ಆ ವಿನೋದದಲ್ಲಿ ಲೆಕ್ಕವೂ ತಪ್ಪಿಲ್ಲ. ಚಿಕ್ಕದಕ್ಕೆ ಸಾಸಿವೆ, ದೊಡ್ಡದಕ್ಕೆ ಕಡಲೆ. ಅಡುಗೆಮನೆಯ ಡಬ್ಬಿಗಳಿಂದ ತೆಗೆದ ಈ ಅಳತೆಗೋಲು ಅರಮನೆಯ ಪಂಡಿತರದಲ್ಲ ಎಂಬುದು ಸ್ಪಷ್ಟ.

‘ಉಗ್ರ ನರಸಿಂಹ’ ಎಂಬ ಹೆಸರು ಇನ್ನೂ ಹೆಚ್ಚಿನದನ್ನು ಹೇಳುತ್ತದೆ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಪ್ರತಿಷ್ಠೆಯಾದ, ಸುಮಾರು 6.7 ಮೀಟರ್ ಎತ್ತರದ ಈ ಮೂರ್ತಿ ಉಗ್ರನಲ್ಲ, ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಒಡೆದುಹಾಕಲಾಗಿದೆ. ದೇವನನ್ನು ತಬ್ಬಿದ್ದ ಅವಳ ಕೈಯ ಗುರುತು ಮಾತ್ರ ಬೆನ್ನಿನ ಬಳಿ ಉಳಿದಿದೆ. ಲಕ್ಷ್ಮಿ ಇಲ್ಲವಾದ ಮೇಲೆ ನೋಡಿದವರಿಗೆ ಕಂಡದ್ದು ಹೊರಚಾಚಿದ ಕಣ್ಣು, ತೆರೆದ ಬಾಯಿ, ಮುರಿದ ತೋಳು. ‘ಉಗ್ರ’ ಎಂಬುದು ಶಿಲ್ಪಶಾಸ್ತ್ರದ ದೃಷ್ಟಿಯಿಂದ ತಪ್ಪು ಹೆಸರು. ಆದರೆ 1565ರ ನಂತರ ಆ ಮೂರ್ತಿಯ ಮುಂದೆ ನಿಂತವನಿಗೆ ಅದು ಸರಿಯಾದ ಹೆಸರು. ಶಾಸನವು ಪ್ರತಿಷ್ಠೆಯನ್ನು ದಾಖಲಿಸಿದಂತೆ ಆಡುಮಾತು ಭಂಜನವನ್ನು ದಾಖಲಿಸಿತು. ಪುಸ್ತಕದಲ್ಲಿ ‘ಲಕ್ಷ್ಮೀನರಸಿಂಹ’ ಎಂದು ತಿದ್ದುವುದು ಅಗತ್ಯ. ‘ಉಗ್ರ’ ಎಂಬುದನ್ನು ಅಳಿಸಿದರೆ ನಾವು ಒಂದು ದಾಖಲೆಯನ್ನೇ ಕಳೆದುಕೊಳ್ಳುತ್ತೇವೆ.

ಅದರ ಪಕ್ಕದಲ್ಲೇ ನೀರಿನಲ್ಲಿ ನಿಂತ ಸುಮಾರು ಮೂರು ಮೀಟರ್ ಎತ್ತರದ ಶಿವಲಿಂಗಕ್ಕೆ ‘ಬಡವಿಲಿಂಗ’ ಎಂದು ಹೆಸರು. ಬಡ ಹೆಣ್ಣುಮಗಳೊಬ್ಬಳು ಮಾಡಿಸಿದಳೆಂಬುದು ಪ್ರತೀತಿ. ಇದರೊಡನೆ ಇಟ್ಟು ನೋಡಬೇಕಾದ ಇನ್ನೊಂದು ಹೆಸರು, ಕಮಲಾಪುರ-ಕಂಪ್ಲಿ ದಾರಿಯ ಬದಿಯಲ್ಲಿರುವ ‘ಗಾಣಗಿತ್ತಿ ಗುಡಿ’. ಗಾಣಗಿತ್ತಿ ಎಂದರೆ ಗಾಣದಿಂದ ಎಣ್ಣೆ ತೆಗೆಯುವ ವೃತ್ತಿಯವರ ಹೆಂಗಸು. ಗುಡಿಯ ಮುಂದಿನ ಸ್ತಂಭದ ಶಾಸನ ಶಕವರ್ಷ 1307ಕ್ಕೆ, ಅಂದರೆ ಕ್ರಿ.ಶ. 1385-86ಕ್ಕೆ ಸೇರಿದ್ದು. ಅದರಂತೆ ಇದು ಎರಡನೆಯ ಹರಿಹರನ ದಂಡನಾಯಕನಾದ, ಜೈನಧರ್ಮೀಯ ಇರುಗಪನು ಕಟ್ಟಿಸಿದ ಕುಂಥುಜಿನನಾಥನ ಚೈತ್ಯಾಲಯ. ಇರುಗಪ ದಂಡಾಧಿನಾಥನ ಹೆಸರಿನಲ್ಲಿ ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟೂ ಪ್ರಸಿದ್ಧವಾಗಿದೆ. ಒಂದು ಪದಕ್ಕಿರುವ ಹಲವು ಅರ್ಥಗಳನ್ನು ಸಂಗ್ರಹಿಸಿದ ಕೃತಿ ಅದು. ನಿಘಂಟುಕಾರನೆಂದು ಹೆಸರಾದವನ ಬಸದಿಗೇ ಜನ ಅವನಿಗೆ ಸಂಬಂಧವಿಲ್ಲದ ಪದವೊಂದನ್ನು ಅಂಟಿಸಿದ್ದಾರೆ.

ಗಾಣಗಿತ್ತಿಯೊಬ್ಬಳು ಈ ಬಸದಿಯನ್ನು ಕಟ್ಟಿಸಿದಳೆಂಬುದಕ್ಕೆ ಆಧಾರವಿಲ್ಲ. ಶಾಸನ ಅದಕ್ಕೆ ವಿರುದ್ಧವಾಗಿಯೇ ಇದೆ. ಆದರೆ ಪೂಜೆ ನಿಂತು ಶಾಸನದ ಸಂಸ್ಕೃತವನ್ನು ಓದುವವರು ಇಲ್ಲವಾದ ಮೇಲೆ, ಇಷ್ಟು ದೊಡ್ಡ ಕಲ್ಲಿನ ಕಟ್ಟಡಕ್ಕೆ ಒಡೆಯರು ಯಾರೆಂಬ ಪ್ರಶ್ನೆಗೆ ಜನ ತಮ್ಮ ನಡುವಿನ ದುಡಿಯುವ ಹೆಂಗಸನ್ನು ಉತ್ತರವಾಗಿ ಕೊಟ್ಟುಕೊಂಡರು. ಅಲ್ಲಿ ಬಡವಿ, ಇಲ್ಲಿ ಗಾಣಗಿತ್ತಿ. ಅರಸರ ಪ್ರಶಸ್ತಿಶಾಸನಗಳಲ್ಲಿ ಇಂತಹವರಿಗೆ ದೊರೆಯದ ಸ್ಥಾನ ಆಡುಮಾತಿನಲ್ಲಿ ದೊರೆತಿದೆ. ಜಿನಾಲಯ ಜಿನಾಲಯವೆಂಬ ನೆನಪೇ ಅಳಿಸಿಹೋದದ್ದು ಈ ಪ್ರಾಂತದಲ್ಲಿ ಜೈನರ ನೆಲೆ ಕ್ಷೀಣಿಸಿದುದರ ಸೂಚನೆಯೂ ಹೌದು. ಹೆಸರು ಸುಳ್ಳಾದರೂ ಈ ಎರಡು ಸಂಗತಿಗಳು ಸುಳ್ಳಲ್ಲ.

ಎಚ್ಚರ ವಹಿಸಬೇಕಾದ ಹೆಸರುಗಳು

ಎಲ್ಲ ಆಡುಹೆಸರುಗಳೂ ಜನರಿಂದಲೇ ಬಂದವೆಂದು ತಿಳಿಯಬಾರದು. ಹೇಮಕೂಟದ ಮೆಟ್ಟಿಲುಶಿಖರದ ಗುಡಿಗಳನ್ನು ಬಹುಕಾಲ ‘ಜೈನ ಗುಡಿಗಳು’ ಎಂದು ಕರೆಯಲಾಯಿತು. ಅವು ಶೈವ ದೇಗುಲಗಳು. ಶಿಖರದ ಆಕಾರವನ್ನಷ್ಟೇ ನೋಡಿದ ಹಿಂದಿನ ಬರಹಗಾರರಿಂದ ಆ ಹೆಸರು ಹರಡಿತು. ನಿಜವಾದ ಬಸದಿ ಗಾಣಗಿತ್ತಿಯ ಪಾಲಾಗಿ, ಶಿವಾಲಯಗಳು ಜೈನರ ಪಾಲಿಗೆ ಬಂದದ್ದು ವಿಚಿತ್ರ. ಎರಡನೆಯ ದೇವರಾಯನು 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯದ ಶಾಸನವು ಅದು ಎಲೆ-ಅಡಕೆ ಅಂಗಡಿಗಳ ಬೀದಿಯಲ್ಲಿತ್ತೆಂದು ತಿಳಿಸುತ್ತದೆ. ಪೇಟೆಯ ಬಳಕೆಯ ಹೆಸರೇ ಸಂಸ್ಕೃತ ವೇಷ ತೊಟ್ಟು ಶಾಸನವನ್ನು ಹೊಕ್ಕಂತೆ ತೋರುತ್ತದೆ. ಅದೇ ಬೀದಿಯನ್ನು ಈಗ ‘ಪಾನ್ ಸುಪಾರಿ ಬಜಾರು’ ಎನ್ನುತ್ತಾರೆ.

‘ಹಜಾರರಾಮ’ ಎಂಬ ಹೆಸರನ್ನು ‘ಸಾವಿರ ರಾಮರು’ ಎಂದು ಬಿಡಿಸುವುದುಂಟು. ಗೋಡೆಯ ತುಂಬ ರಾಮಾಯಣದ ಶಿಲ್ಪಗಳಿರುವುದರಿಂದ ವಿವರಣೆ ಹಿತವಾಗಿಯೇ ಕೇಳಿಸುತ್ತದೆ. ಆದರೆ ನಮ್ಮ ಹಳೆಯ ಮನೆಗಳಲ್ಲಿ ಪಡಸಾಲೆಗೆ ‘ಹಜಾರ’ ಎನ್ನುವುದನ್ನು ನೆನೆದರೆ, ಅರಮನೆಯ ಆವರಣದ ರಾಮನ ಗುಡಿಗೆ ಈ ಹೆಸರು ಬಂದ ಬಗೆ ಸರಳವಾಗುತ್ತದೆ.

ಅಚ್ಯುತರಾಯನ ಗುಡಿಯೆಂದು ನಾವು ಕರೆಯುವುದು 1534ರಲ್ಲಿ ಪ್ರತಿಷ್ಠೆಯಾದ ತಿರುವೆಂಗಳನಾಥನ ದೇಗುಲ. ಅದರ ಮುಂದಿನ ಅಂಗಡಿಬೀದಿಯನ್ನು ‘ಸೂಳೆ ಬಜಾರು’ ಎಂದು ಪ್ರವಾಸಿಗರಿಗೆ ಪರಿಚಯಿಸುತ್ತ ಬಂದಿದ್ದಾರೆ. ಹಳೆಯ ಶಾಸನಗಳಲ್ಲಿ ‘ಸೂಳೆ’ ಎಂಬುದು ದೇಗುಲದ ಸೇವೆಯಲ್ಲಿದ್ದ, ತನ್ನ ಹೆಸರಿನಲ್ಲಿ ದಾನದತ್ತಿಗಳನ್ನು ಕೊಡಬಲ್ಲ ಸ್ತ್ರೀಯನ್ನು ಸೂಚಿಸುವ ಪದ. ಇಂದು ಅದು ಬೈಗುಳ. ಅರ್ಥ ಕೆಳಗಿಳಿದ ಪದವನ್ನು ಹಳೆಯ ಬೀದಿಗೆ ಅಂಟಿಸಿ ಹೇಳಿದಾಗ ಕೇಳುಗನ ಕಣ್ಣಿಗೆ ಬರುವ ಚಿತ್ರ ಆ ಕಾಲದ್ದಾಗಿರುವುದಿಲ್ಲ. ಪದದ ಚರಿತ್ರೆಯನ್ನು ಹೇಳದೆ ಬರಿಯ ಪದವನ್ನು ಹೇಳುವುದರ ಅಪಾಯ ಇದು.

ಹೊಳೆಯ ಮಾತು, ಗಣಿಯ ಮಾತು

ಆನೆಗೊಂದಿಯ ಬಳಿ ಹೊಳೆ ದಾಟಲು ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ, ಬುಟ್ಟಿಯಂತಹ ದುಂಡನೆಯ ದೋಣಿಗಳಿದ್ದುದನ್ನು ಪಾಯಸ್ 1520ರ ಸುಮಾರಿನಲ್ಲಿ ವರ್ಣಿಸಿದ್ದಾನೆ. ಅವು ನೇರವಾಗಿ ಸಾಗದೆ ಸುತ್ತುತ್ತ ಸಾಗುವುದು ಅವನಿಗೆ ಸೋಜಿಗ. ಕನ್ನಡದಲ್ಲಿ ಅದು ಹರಿಗೋಲು. ತಮಿಳಿನ ‘ಪರಿಸಲ್’ ಎಂಬುದರ ಪಕ್ಕದಲ್ಲಿಟ್ಟರೆ ಪಂಪೆಯನ್ನು ಹಂಪೆ ಮಾಡಿದ ಅದೇ ಪಕಾರ-ಹಕಾರದ ನಡೆ ಇಲ್ಲಿಯೂ ಕಾಣುತ್ತದೆ. ಕಂಪ್ಲಿ-ಗಂಗಾವತಿ ಕಡೆ ಇದಕ್ಕೆ ‘ಪುಟ್ಟಿ’ ಎಂದೂ ಹೆಸರು. ಪುಟ್ಟಿ ಎಂದರೆ ಬುಟ್ಟಿ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ. ವಸ್ತು ಬದಲಾದರೂ ಹೆಸರು ಬದಲಾಗಿಲ್ಲ.

ಸಂಡೂರಿನ ಕಡೆಗೆ ತಿರುಗಿದರೆ ಪದಗಳ ಕಾಲ ತೀರ ಈಚಿನದಾಗುತ್ತದೆ. ಸೊಂಡೂರು ಎಂದೂ ಕರೆಯುವ ಈ ಊರು 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಇಲ್ಲಿಯ ಬೆಟ್ಟಗಳ ಕಬ್ಬಿಣದ ಅದಿರಿನ ಸುತ್ತ ಈ ಶತಮಾನದ ಮೊದಲ ದಶಕದಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿದೆ. ಆಗ ಪತ್ರಿಕೆಗಳಲ್ಲಿಯೂ ಬೀದಿಯಲ್ಲಿಯೂ ಬಳಕೆಗೆ ಬಂದ ಪದ ‘ಗಣಿಧಣಿ’. ಸಂಸ್ಕೃತದ ‘ಖನಿ’ ತದ್ಭವವಾಗಿ ಗಣಿಯಾಯಿತು, ‘ಧನಿ’ ಧಣಿಯಾಯಿತು. ಎರಡರಲ್ಲಿಯೂ ನಕಾರ ಣಕಾರವಾಗಿದೆ. ಕೇಶಿರಾಜನು ಅಪಭ್ರಂಶ ಪ್ರಕರಣದಲ್ಲಿ ಚರ್ಚಿಸಿದಂತಹ ಹಳೆಯ ಬದಲಾವಣೆಗಳು ಪ್ರಾಸವನ್ನು ಸಿದ್ಧಪಡಿಸಿಟ್ಟಿದ್ದವು. ‘ಧಣಿ’ ಎಂಬುದು ಆಳು ಒಡೆಯನನ್ನು ಕರೆಯುವ ಗೌರವದ ಮಾತು. ಗಣಿಯೊಡನೆ ಕೂಡಿದಾಗ ಗೌರವದ ರೂಪ ಹಾಗೆಯೇ ಉಳಿದು ಒಳಗೆ ವ್ಯಂಗ್ಯ ಸೇರಿತು. ತೊಡೆ ನಡುಗುವಂತಹ ಸಿರಿಯ ಮುಂದೆ ಬಹಿರಂಗವಾಗಿ ಬೈಯಲಾಗದವನು ‘ಧಣಿ’ ಎಂದೇ ಬೈದನು. ಕೆಮ್ಮಣ್ಣಿನ ಧೂಳಿನಲ್ಲಿ ಉಳಿದವರ ನುಡಿ ಇದು; ‘ಹಾಳು ಹಂಪೆ’ಯ ವಂಶಕ್ಕೆ ಸೇರಿದ್ದು.

ಉಳಿದವರೂ ಹೊರಟ ಮೇಲೆ

2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ ತಡೆಹಿಡಿಯಿತು. ಅದೇ ತಿಂಗಳು ಹಂಪೆಯ ರಥಬೀದಿಯಲ್ಲಿ, ಹಳೆಯ ಮಂಟಪಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳ ಮನೆ-ಅಂಗಡಿಗಳನ್ನು ತೆರವುಗೊಳಿಸಲಾಯಿತು. ಅವರ ಪುನರ್ವಸತಿಗೆ ಗೊತ್ತಾದದ್ದು ಕಡ್ಡಿರಾಂಪುರ. ಹೊಳೆಯಾಚೆಯ ವಿರುಪಾಪುರಗಡ್ಡೆಯ ವಸತಿಗೃಹಗಳು 2020ರಲ್ಲಿ ತೆರವಾದವು. 1986ರಿಂದ ವಿಶ್ವಪರಂಪರೆಯ ತಾಣವಾಗಿರುವ ಹಂಪೆಯ ಸ್ಮಾರಕಗಳಿಗೆ ರಕ್ಷಣೆ ಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಸ್ಮಾರಕಗಳ ಹೆಸರುಗಳನ್ನು ನಾಲ್ಕೂವರೆ ಶತಮಾನ ರಕ್ಷಿಸಿದವರು ಅವುಗಳ ನಡುವೆ ಬದುಕಿದ ಇಂತಹ ಜನರೇ. ಕಲ್ಲು ಇದ್ದಲ್ಲೇ ಇರುತ್ತದೆ. ಮಾತು ಆಡುವವರೊಡನೆ ಹೋಗುತ್ತದೆ.

ಈ ತೆರವಿನ ಜಾಗಕ್ಕೆ ಬೇರೆ ಹೆಸರುಗಳು ಆಗಲೇ ಬಂದು ಕುಳಿತಿವೆ. ಅಕ್ಕ-ತಂಗಿ ಗುಡ್ಡ ‘ಸಿಸ್ಟರ್ ಸ್ಟೋನ್ಸ್’ ಆಗಿದೆ. ಅನುವಾದದಲ್ಲಿ ಬಾಂಧವ್ಯ ಉಳಿದು, ಹಂಪೆಯನ್ನು ಹಳಿದ ಕಥೆ ಬಿದ್ದುಹೋಗಿದೆ. ವಿರುಪಾಪುರಗಡ್ಡೆ ‘ಹಿಪ್ಪಿ ಐಲ್ಯಾಂಡ್’ ಆಗಿದೆ. ವಿರೂಪಾಕ್ಷನೂ ಹೋದ, ನಡುಗಡ್ಡೆಯೆಂಬ ಅಚ್ಚಗನ್ನಡದ ಗಡ್ಡೆಯೂ ಹೋಯಿತು. ಇವೂ ಒಂದು ಬಗೆಯ ಆಡುಮಾತುಗಳೇ, ಮುಂದಿನ ಕಾಲದವರು ಇವುಗಳಿಂದಲೂ ನಮ್ಮ ಕಾಲವನ್ನು ಓದಬಹುದು. ಆದರೆ ಮೊದಲಿನ ಪದರವನ್ನು ದಾಖಲಿಸದೆ ಎರಡನೆಯದನ್ನು ಸ್ವಾಗತಿಸುವುದು ಸರಿಯಲ್ಲ.

ಸಂಶೋಧನ ವಿದ್ಯಾರ್ಥಿಗಳಿಗೆ ಇಲ್ಲಿ ತುರ್ತಿನ ಕೆಲಸವಿದೆ. ಪ್ರತಿಯೊಂದು ಗುಡಿ, ಕಾಲುವೆ, ಬಂಡೆ, ಕಡವಿಗೂ ಮೂರು ಹೆಸರುಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು: ಶಾಸನದ್ದು, ಪುಸ್ತಕದ್ದು, ಬಾಯಿಮಾತಿನದು. ಬಾಯಿಮಾತನ್ನು ಕೇಳಿದ ಉಚ್ಚಾರಣೆಯಲ್ಲಿಯೇ ಬರೆಯಬೇಕು. ‘ಗಾಣಗಿತ್ತಿ’ಯನ್ನು ‘ಗಾಣಿಗರ ಮಹಿಳೆ’ ಎಂದು ತಿದ್ದಬಾರದು. ಹೇಳಿದವರ ಊರು, ಕಸುಬು, ವಯಸ್ಸು ಗುರುತಿಸಬೇಕು. ಮಾರ್ಗದರ್ಶಿ ಪುಸ್ತಕದಿಂದ ಕಲಿತು ಹೇಳುವ ಕಥೆಯನ್ನೂ ಅಜ್ಜಿಯಿಂದ ಕೇಳಿ ಹೇಳುವ ಕಥೆಯನ್ನೂ ಬೇರೆಯಾಗಿ ಇಡಬೇಕು. ಶಾಸನಕ್ಕೂ ಆಡುಮಾತಿಗೂ ಹೊಂದಾಣಿಕೆ ಇಲ್ಲದಿದ್ದರೆ ಯಾವುದು ಸರಿ ಎಂದು ತೀರ್ಪು ಕೊಡುವ ಮೊದಲು, ಆ ಅಂತರ ಯಾವಾಗ, ಯಾರಿಂದ ಹುಟ್ಟಿತೆಂದು ಕೇಳಬೇಕು. ಹರಿಗೋಲು ನಡೆಸುವವರು, ಕಾಲುವೆಗೆ ನೀರು ಬಿಡುವವರು, ರಥಬೀದಿಯಿಂದ ಕಡ್ಡಿರಾಂಪುರಕ್ಕೆ ಹೋದ ಹಿರಿಯರು ಈ ಕೆಲಸದ ಆಕರಗಳು. ಶಾಸನವನ್ನು ಇನ್ನು ಐವತ್ತು ವರ್ಷ ಬಿಟ್ಟು ಓದಿದರೂ ನಡೆಯುತ್ತದೆ, ಇವರನ್ನು ಈಗಲೇ ಕೇಳಬೇಕು.